ಈಇಟೊಯ್ ಈರುಳ್ಳಿ ಸತ್ತಿಲ್ಲ, ಮಲಗಿದೆ: ಮೊದಲು ನೀರು ನಿಲ್ಲಿಸಿ

ಪ್ರಶ್ನೆ: ನಾವು ಅರಿಜೋನಾದ ಚಾಂಡ್ಲರ್‌ನಲ್ಲಿದ್ದೇವೆ. ಕಳೆದ ಅಕ್ಟೋಬರ್‌ನಲ್ಲಿ ಟೂಸಾನ್‌ನ ಸ್ನೇಹಿತೆಯೊಬ್ಬರು ಒಂದು ಹಿಡಿ ಪುಟ್ಟ ಈರುಳ್ಳಿ ಗೆಡ್ಡೆ ಕೊಟ್ಟು, ‘ಇದು ಈಇಟೊಯ್ ಈರುಳ್ಳಿ, ಸ್ಪೇನಿನ ಪಾದ್ರಿಗಳು ತಂದದ್ದು, ಬಹಳ ಅಪರೂಪ, ಸಾಯಲು ಬಿಡಬೇಡಿ’ ಎಂದರು. ಚಳಿಗಾಲವಿಡೀ ಪೊದೆಪೊದೆಯಾಗಿ ಬೆಳೆಯಿತು. ಮೇ ಕೊನೆಯಲ್ಲಿ ತಾಳು ಹಳದಿಯಾಗಿ ಬಾಗತೊಡಗಿತು. ಬಿಸಿಲಿಗೆ ಬಾಡುತ್ತಿದೆ ಎಂದುಕೊಂಡು ದಿನವೂ ನೀರು ಹಾಕಿದೆ. ಈಗ ಜೂನ್ ನಡುವೆ ಮೇಲೆ ಏನೂ ಉಳಿದಿಲ್ಲ. ಅಗೆದು ನೋಡಿದರೆ ಅರ್ಧದಷ್ಟು ಗೆಡ್ಡೆ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿವೆ. ಟೂಸಾನ್ ಕಡೆಯ ಬಾಬೊಕೀವಾರಿ ಬೆಟ್ಟದಲ್ಲಿ ಇದು ತಾನಾಗಿ ಬೆಳೆಯುತ್ತದಂತೆ, ಹೋಗಿ ಕಿತ್ತು ತರೋಣ ಎನ್ನುತ್ತಾನೆ ಮಗ. ಕಾಡು ಈರುಳ್ಳಿಯಲ್ಲಿ ವಿಷದ್ದೂ ಇರುತ್ತದೆ ಎಂದು ನಮ್ಮ ಯಜಮಾನರಿಗೆ ಭಯ. ಈಇಟೊಯ್ ಎಂದರೆ ಅಲ್ಲಿನ ಮೂಲನಿವಾಸಿಗಳ ದೇವರಂತೆ, ದೇವರ ಹೆಸರಿನ ಗಿಡವನ್ನು ತಿನ್ನಬಹುದೇ ಎಂಬ ಅಳುಕು ನನಗೆ. ಜೇಕಿನ ಹಾಗೆ ಹಿತ್ತಲೆಲ್ಲ ಹಬ್ಬೀತೇ? ಊರಿನಿಂದ ಬಂದಿರುವ ಅತ್ತೆಯವರು ಹೋಗುವಾಗ ನಾಲ್ಕು ಗೆಡ್ಡೆ ಒಯ್ಯುತ್ತೇನೆ ಎನ್ನುತ್ತಿದ್ದಾರೆ. ಒಯ್ಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಎದೆಗೆ ತಾಕಿರುವುದು ಒಂದೇ: ನಂಬಿ ಕೊಟ್ಟ ಅಪರೂಪದ ಗಿಡ ನಿಮ್ಮ ಕೈಯಲ್ಲಿ ಹಾಳಾಯಿತೇ ಎಂಬುದು. ಹಾಳಾಗಿಲ್ಲ. ಗಟ್ಟಿಯಾಗಿ ಉಳಿದಿರುವ ಅರ್ಧ ಗೆಡ್ಡೆಗಳಿಂದಲೇ ಮುಂದಿನ ಚಳಿಗಾಲಕ್ಕೆ ಇಡೀ ಮಡಿ ತುಂಬುತ್ತದೆ. ಉಳಿದರ್ಧ ಯಾಕೆ ಹೋಯಿತು ಎನ್ನುವುದು ತಿಳಿದರೆ ಮುಂದೆ ಈ ನಷ್ಟವೂ ಆಗದು.

ಮೇ, ಜೂನ್‌ನಲ್ಲಿ ತಾಳು ಹಳದಿಯಾಗಿ ಒರಗುವುದು ರೋಗವಲ್ಲ, ಬಾಯಾರಿಕೆಯೂ ಅಲ್ಲ. ಈರುಳ್ಳಿ ಹಗಲಿನ ಉದ್ದವನ್ನು ಲೆಕ್ಕ ಹಿಡಿಯುವ ಬೆಳೆ. ಹಗಲು ಉದ್ದವಾಗಿ, ಬಿಸಿಯೂ ಏರಿದಾಗ ಹೊಸ ಎಲೆ ಬಿಡುವುದನ್ನು ನಿಲ್ಲಿಸಿ, ಇದ್ದ ಎಲೆಗಳ ಬುಡದಲ್ಲಿ ಸತ್ವ ತುಂಬಿಕೊಂಡು ಗೆಡ್ಡೆ ಕಟ್ಟುತ್ತದೆ. ಜೂನ್‌ನಲ್ಲಿ ನಿಮ್ಮಲ್ಲಿ ಹಗಲು 14 ಗಂಟೆ ದಾಟುತ್ತದೆ, ಉಷ್ಣಾಂಶ 40 ಡಿಗ್ರಿ ಮೀರುತ್ತದೆ. ಆ ಹೊತ್ತಿಗೆ ಎಲೆಯ ಕೆಲಸ ಮುಗಿದಿರುತ್ತದೆ. ಅದು ಒಣಗುತ್ತದೆ, ಬೇರೂ ಸಾಯುತ್ತದೆ, ಗೆಡ್ಡೆ ನಿದ್ರೆಗೆ ಇಳಿಯುತ್ತದೆ. ನಿಮ್ಮೂರೂ ಸೇರಿರುವ ಸೊನೋರಾ ಮರುಭೂಮಿಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನದು ವರ್ಷದ ಅತ್ಯಂತ ಒಣ ಕಾಲ. ಆ ಕಾಲವನ್ನು ಮಲಗಿ ಕಳೆಯುವ ಗುಣ ಇದ್ದುದರಿಂದಲೇ ಈ ಗಿಡ ಅಲ್ಲಿ ಉಳಿದಿದೆ.

ಬೇರಿಲ್ಲದ ಗೆಡ್ಡೆ ನೀರು ಕುಡಿಯಲಾರದು. ನೀವು ಹಾಕಿದ ನೀರೆಲ್ಲ ಗೆಡ್ಡೆಯ ಸುತ್ತ ನಿಂತು, ಕಾದ ಮಣ್ಣಿನಲ್ಲಿ ಶಿಲೀಂಧ್ರಕ್ಕೆ ಅನುಕೂಲ ಮಾಡಿಕೊಟ್ಟಿತು. ನೀವು ಹೇಳುವ ಲಕ್ಷಣ ನೋಡಿದರೆ ನನ್ನ ಅನುಮಾನ ಫ್ಯುಸೇರಿಯಮ್ ಎಂಬ ಶಿಲೀಂಧ್ರದಿಂದ ಬರುವ ಬುಡ ಕೊಳೆಯ ಮೇಲೆ. ಖಚಿತಪಡಿಸಿಕೊಳ್ಳಲು ಒಂದು ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿ. ಬೇರು ಹೊರಡುವ ಬುಡದ ಬಿಲ್ಲೆಯಿಂದ ಕಂದು ಬಣ್ಣ ಮೇಲಕ್ಕೆ ಹತ್ತಿದ್ದರೆ ಅದೇ. ಲೋಳೆಲೋಳೆಯಾಗಿ ಕೆಟ್ಟ ವಾಸನೆ ಹೊಡೆದರೆ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ. ಬೇರು ಗುಲಾಬಿ ಬಣ್ಣಕ್ಕೆ ತಿರುಗಿ ಸೊರಗಿದ್ದರೆ ಅದು ಗುಲಾಬಿ ಬೇರು ರೋಗ, ಇದೂ ಬಿಸಿ ಮಣ್ಣಿನದೇ. ಇವು ಯಾವುವೂ ಮಡಿಯನ್ನು ಶಾಶ್ವತವಾಗಿ ಕೆಡಿಸುವಂಥವಲ್ಲ.

ನಾನು ನಿಜವಾಗಿ ಹೆದರುವುದು ಬಿಳಿ ಕೊಳೆಗೆ. ಗೆಡ್ಡೆಯ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಅದರ ನಡುವೆ ಗಸಗಸೆ ಗಾತ್ರದ ಕಪ್ಪು ಕಾಳು ಕಂಡರೆ ಅದು ಬಿಳಿ ಕೊಳೆ. ಆ ಕಾಳುಗಳು ಮಣ್ಣಿನಲ್ಲಿ 20 ವರ್ಷಕ್ಕೂ ಹೆಚ್ಚು ಬದುಕಿರುತ್ತವೆ. ಆ ಜಾಗದಲ್ಲಿ ಮತ್ತೆ ಈರುಳ್ಳಿ, ಬೆಳ್ಳುಳ್ಳಿ ಬೆಳೆಯುವ ಆಸೆ ಬಿಡಬೇಕಾಗುತ್ತದೆ. ಆದರೆ ಅದು ತಂಪು ಮಣ್ಣಿನ ರೋಗ. ನಿಮ್ಮಲ್ಲಿ ಜೂನ್‌ನಲ್ಲಿ ಕಾಣಿಸಿದ ಕೊಳೆ ಅದಾಗಿರುವ ಸಂಭವ ತೀರಾ ಕಡಿಮೆ. ಆದರೂ ಒಮ್ಮೆ ನೋಡಿ.

ಈಗ ಮಾಡಬೇಕಾದ್ದು. ನಾನಾಗಿದ್ದರೆ ಇವತ್ತೇ ಎಲ್ಲವನ್ನೂ ಅಗೆದು ತೆಗೆಯುತ್ತೇನೆ. ಹೆಬ್ಬೆರಳಲ್ಲಿ ಒತ್ತಿದಾಗ ಸ್ವಲ್ಪ ತಗ್ಗಿದರೂ ಆ ಗೆಡ್ಡೆಯನ್ನು ಕಸದ ಬುಟ್ಟಿಗೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಗಟ್ಟಿಯಿರುವುದನ್ನು ತೊಳೆಯಬೇಡಿ, ಮಣ್ಣು ಉದುರಿಸಿದರೆ ಸಾಕು. ನೆರಳಲ್ಲಿ, ಗಾಳಿಯಾಡುವ ಕಡೆ 10–15 ದಿನ ಹರವಿ, ಮೇಲಿನ ಸಿಪ್ಪೆ ಗರಿಗರಿಯಾದ ಮೇಲೆ ಬಲೆಯ ಚೀಲದಲ್ಲಿ ತುಂಬಿ ಮನೆಯೊಳಗೆ ತೂಗುಹಾಕಿ. ಗರಾಜಿನಲ್ಲಿ ಇಡಬೇಡಿ, ನಿಮ್ಮಲ್ಲಿ ಜುಲೈ ತಿಂಗಳ ಗರಾಜು ಗೆಡ್ಡೆಯನ್ನು ಬೇಯಿಸಿಬಿಡುತ್ತದೆ. ಫ್ರಿಜ್ಜೂ ಬೇಡ. ಅಲ್ಲಿನ ತಂಪು ನಿದ್ರೆ ಮುರಿದು ಹೊತ್ತಲ್ಲದ ಹೊತ್ತಿನಲ್ಲಿ ಚಿಗುರಿಸುತ್ತದೆ.

ಅಗೆಯದೆ ನೆಲದಲ್ಲೇ ಬಿಡುವವರೂ ಇದ್ದಾರೆ. ಟೂಸಾನ್ ನಿಮಗಿಂತ ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿದೆ, ಅಲ್ಲಿ ಬಿಸಿ ಒಂದಿಷ್ಟು ಕಡಿಮೆ. ಅಲ್ಲಿನ ಹಿತ್ತಲುಗಳಲ್ಲಿ ಗೆಡ್ಡೆ ಮಣ್ಣಿನಲ್ಲೇ ಮಲಗಿದ್ದು, ಬೇಸಿಗೆ ಮಳೆ ಬಿದ್ದಾಗ ತಾನಾಗಿ ಚಿಗುರುತ್ತದೆ. ನಿಮ್ಮ ಸ್ನೇಹಿತೆ ಅದನ್ನೇ ನೋಡಿ ಅಭ್ಯಾಸವಾದವರು. ಚಾಂಡ್ಲರ್‌ನಲ್ಲಿ ಇದು ಸ್ವಲ್ಪ ಜೂಜು. ಜುಲೈನ ಮಳೆಗೆ ಚಿಗುರಿದ ಎಳೆ ತಾಳು ಮರುದಿನವೇ ಸುಡುಬಿಸಿಲಿಗೆ ಸಿಗುತ್ತದೆ. ಪಕ್ಕದ ಗಿಡಕ್ಕೆ ಹಾಕಿದ ಹನಿ ನೀರಾವರಿ ಪೈಪು ಹತ್ತಿರವಿದ್ದರಂತೂ ಕೊಳೆ ಖಚಿತ. ನೆಲದಲ್ಲೇ ಬಿಡಬೇಕೆಂದರೆ ಮಧ್ಯಾಹ್ನದ ನೆರಳು ಬೀಳುವ, ಯಾವ ಪೈಪೂ ಹಾಯದ ಮೂಲೆಯಲ್ಲಿ ಒಂದು ಪಾಲನ್ನು ಮಾತ್ರ ಬಿಡಿ. ಕುಂಡದಲ್ಲಿ ಬೆಳೆಸಿ ಬೇಸಿಗೆಗೆ ಕುಂಡವನ್ನೇ ನೆರಳಿಗೆ ಸರಿಸುವುದು ಮೂರನೆಯ ದಾರಿ. ಜಾಗ ಕಡಿಮೆ ಇರುವವರಿಗೆ ಒಳ್ಳೆಯದೇ, ಆದರೆ ಕುಂಡದ ಮಣ್ಣು ನೆಲಕ್ಕಿಂತ ಬೇಗ ಕಾಯುತ್ತದೆ, ಉಪ್ಪೂ ಬೇಗ ಕಟ್ಟುತ್ತದೆ.

ಉಪ್ಪಿನ ಮಾತು ಬಂತು, ಅದನ್ನು ಬಿಡುವಂತಿಲ್ಲ. ತರಕಾರಿಗಳಲ್ಲಿ ಉಪ್ಪನ್ನು ತೀರಾ ಕಡಿಮೆ ತಾಳುವ ಗುಂಪಿಗೆ ಈರುಳ್ಳಿ ಸೇರುತ್ತದೆ. ಮಣ್ಣಿನ ಲವಣಾಂಶ ಮೀಟರಿಗೆ 1.2 ಡೆಸಿಸೀಮನ್ಸ್ (ಮಣ್ಣು ಪರೀಕ್ಷೆಯಲ್ಲಿ ಉಪ್ಪನ್ನು ಅಳೆಯುವ ಮಾನ) ದಾಟಿದರೆ ಸಾಕು, ಇಳುವರಿ ಇಳಿಯತೊಡಗುತ್ತದೆ. ನಿಮ್ಮ ಕಡೆಯ ನಲ್ಲಿ ನೀರು ಗಡಸು, ಮಣ್ಣು ಕ್ಷಾರ. ದಿನವೂ ಚೂರುಚೂರು ನೀರು ಹಾಕಿದರೆ ನೀರು ಆವಿಯಾಗಿ ಉಪ್ಪು ಮೇಲ್ಪದರದಲ್ಲೇ, ಈರುಳ್ಳಿಯ ಬೇರಿರುವ ಜಾಗದಲ್ಲೇ ಕೂರುತ್ತದೆ. ಚಳಿಗಾಲದಲ್ಲಿ ಗಿಡ ಬೆಳೆಯುವಾಗ ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಒಮ್ಮೆ ಚೆನ್ನಾಗಿ ನೀರು ಹಾಯಿಸಿ ಉಪ್ಪನ್ನು ಕೆಳಕ್ಕೆ ತೊಳೆದುಬಿಡಿ. ಅಗೆಯುವಾಗ ಕೆಳಗೆ ಕಲ್ಲಿನಂಥ ಸುಣ್ಣದ ಪದರ ತಾಗಿದರೆ ನೀರು ಇಳಿಯುವುದಿಲ್ಲ, ಅಲ್ಲಿ ಏರುಮಡಿಯೇ ಗತಿ.

ಸೆಪ್ಟೆಂಬರ್ ಕೊನೆಗೆ ರಾತ್ರಿಗಳು ತಂಪಾದಾಗ ಮತ್ತೆ ನೆಡಿ. ಒಂದೊಂದೇ ಗೆಡ್ಡೆ ಬಿಡಿಸಿ, ಮೊನೆ ಮೇಲಾಗಿ, ಸುಮಾರು 1 ಅಂಗುಲ ಆಳ, 6 ಅಂಗುಲ ಅಂತರ. ಕೊಳೆ ಕಂಡ ಮಡಿಯಲ್ಲಿ ಮಾತ್ರ ಮೂರ್ನಾಲ್ಕು ವರ್ಷ ಈರುಳ್ಳಿ ಜಾತಿಯ ಯಾವುದೂ ಬೇಡ.

ಇನ್ನು ಪಾದ್ರಿಗಳ ಕಥೆ. ಇದರಲ್ಲಿ ನಿಜವೂ ಇದೆ, ಒಂದು ತಪ್ಪು ತಿಳಿವಳಿಕೆಯೂ ಸೇರಿಕೊಂಡಿದೆ. ತಪ್ಪು ತಿಳಿವಳಿಕೆ ಎಂದರೆ ಇದು ಬಾಬೊಕೀವಾರಿ ಬೆಟ್ಟದ ಮೂಲ ಕಾಡು ಗಿಡ ಎನ್ನುವುದು. ಸಸ್ಯಶಾಸ್ತ್ರದ ಪ್ರಕಾರ ಈಇಟೊಯ್ ನಮ್ಮ ಅಡುಗೆಮನೆಯ ಈರುಳ್ಳಿಯ ಜಾತಿಯದೇ, ಆಲಿಯಮ್ ಸೀಪಾ. ಅದರೊಳಗೆ ಒಂದು ಗೆಡ್ಡೆ ಹಲವಾಗಿ ಒಡೆಯುವ, ಸಾಂಬಾರ್ ಈರುಳ್ಳಿಯೂ ಸೇರಿರುವ ಗುಂಪಿನದು. ಈ ಜಾತಿಯ ತವರು ಮಧ್ಯ ಏಷ್ಯಾದ ಕಡೆ. ಅಮೆರಿಕ ಖಂಡದಲ್ಲಿ ಬೇರೆ ಕಾಡು ಈರುಳ್ಳಿಗಳು ಎಷ್ಟೋ ಇವೆ, ಆದರೆ ಈ ಜಾತಿ ಅಲ್ಲಿಗೆ ಯುರೋಪಿನವರ ಜೊತೆ ಬಂದದ್ದು.

ಸೊನೋರಾ ಸೀಮೆಗೆ ಬಂದ ದಾರಿಯೂ ಸಾಕಷ್ಟು ಸ್ಪಷ್ಟ. ಜೆಸ್ಯೂಟ್ ಪಾದ್ರಿ ಯುಸೇಬಿಯೊ ಕೀನೊ 1687ರಲ್ಲಿ ಆ ಪ್ರಾಂತಕ್ಕೆ ಬಂದರು. ಈಗಿನ ಟೂಸಾನ್ ಬಳಿಯ ಸಾನ್ ಹಾವಿಯರ್ ಡೆಲ್ ಬಾಕ್ ಮಿಷನ್ನು (ಕ್ರೈಸ್ತ ಧರ್ಮಪ್ರಚಾರದ ನೆಲೆ) 1692ರಲ್ಲಿ ಸ್ಥಾಪಿಸಿದ್ದೂ ಅವರೇ. ಅವರು ಬರೆದಿಟ್ಟ ನೆನಪುಗಳಲ್ಲಿ ಮಿಷನ್ ತೋಟಗಳ ಬೆಳೆಗಳ ಉದ್ದನೆಯ ಪಟ್ಟಿ ಇದೆ: ಗೋಧಿ, ಕಡಲೆ, ಅಂಜೂರ, ದಾಳಿಂಬೆ, ಕೋಸು, ಅದರ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ. ಆ ತೋಟಗಳಲ್ಲಿ ದುಡಿದವರು, ಗೆಡ್ಡೆಯನ್ನು ತಮ್ಮ ಹೊಲಗಳಿಗೆ ಒಯ್ದವರು ಆ ಸೀಮೆಯ ಮೂಲನಿವಾಸಿಗಳಾದ ಓಓಧಮ್ ಜನ. ಮರುಭೂಮಿಯ ಟೊಹೊನೊ ಓಓಧಮ್ ಸಮುದಾಯ ಬೇಸಿಗೆಯಲ್ಲಿ ಬಯಲಿನ ಮಳೆನೀರಿನ ಹೊಲಗಳ ಬಳಿ, ಚಳಿಗಾಲದಲ್ಲಿ ಬೆಟ್ಟದ ಬುಡದ ಒರತೆಗಳ ಬಳಿ ಇರುತ್ತಿತ್ತು. ಹಗುರವಾದ, ಒಣಗಿಸಿದರೆ ತಿಂಗಳುಗಟ್ಟಲೆ ಕೆಡದ, ಕಲ್ಲುಸಂದಿಯಲ್ಲಿ ಬಿದ್ದರೂ ಬೇರೂರುವ ಗೆಡ್ಡೆ ಇಂಥ ಓಡಾಟಕ್ಕೆ ಹೇಳಿಮಾಡಿಸಿದ್ದು. 1767ರಲ್ಲಿ ಸ್ಪೇನಿನ ದೊರೆ ಜೆಸ್ಯೂಟರನ್ನು ತನ್ನ ಸೀಮೆಗಳಿಂದ ಹೊರಹಾಕಿದ. ಅವರು ಹೋದರು, ಈರುಳ್ಳಿ ಉಳಿಯಿತು. ಅದನ್ನು ಉಳಿಸಿದವರು ಓಓಧಮ್ ಬೇಸಾಯಗಾರರು. ‘ಪಾದ್ರಿಗಳ ಈರುಳ್ಳಿ’ ಎಂದಷ್ಟೇ ಹೇಳಿದರೆ ಅವರ ದುಡಿಮೆ ಮರೆಯಾಗುತ್ತದೆ. ನನಗೆ ಅದು ಸರಿಕಾಣುವುದಿಲ್ಲ.

ಬಾಬೊಕೀವಾರಿ ಶಿಖರ ಟೂಸಾನ್‌ನ ನೈರುತ್ಯಕ್ಕಿದೆ, 7,700 ಅಡಿಗೂ ಮಿಕ್ಕ ಎತ್ತರ. ಓಓಧಮ್ ಜನರಿಗೆ ಅದು ಜಗತ್ತಿನ ನಡು, ಅವರ ಹಿರಿಯಣ್ಣನೂ ಸೃಷ್ಟಿಕರ್ತನೂ ಆದ ಈಇಟೊಯ್ ನೆಲೆಸಿರುವ ಬೆಟ್ಟ. ಆ ಇಳಿಜಾರಿನಲ್ಲಿ ಯಾರ ಆರೈಕೆಯೂ ಇಲ್ಲದೆ ಉಳಿದಿದ್ದ ಈರುಳ್ಳಿಗೆ ಆತನ ಹೆಸರು ಬಂತು. ತೋಟದಿಂದ ಹೊರಬಿದ್ದು ಕಾಡಿನಲ್ಲಿ ನೆಲೆಕಂಡ ಬೆಳೆ ಇದು, ಅಷ್ಟೇ.

ಮಗನ ಉತ್ಸಾಹ ಒಳ್ಳೆಯದು, ಬೆಟ್ಟ ಹತ್ತಲಿ. ಕೀಳುವುದು ಮಾತ್ರ ಬೇಡ. ಬೆಟ್ಟದ ಪಶ್ಚಿಮ ಭಾಗ ಟೊಹೊನೊ ಓಓಧಮ್ ರಾಷ್ಟ್ರದ, ಅಂದರೆ ಆ ಸಮುದಾಯದ್ದೇ ಆಡಳಿತವಿರುವ ಮೀಸಲು ಪ್ರದೇಶದ ನೆಲ, ಅಲ್ಲಿ ಅವರ ಅನುಮತಿಯಿಲ್ಲದೆ ಕಾಲಿಡುವುದೇ ತಪ್ಪು. ಪೂರ್ವ ಭಾಗದಲ್ಲಿ 1990ರಿಂದ ರಕ್ಷಿತ ವನ್ಯಪ್ರದೇಶವಿದೆ. ಅರಿಜೋನಾದಲ್ಲಿ ಸ್ಥಳೀಯ ಸಸ್ಯಗಳ ರಕ್ಷಣೆಗೆ ಪ್ರತ್ಯೇಕ ಕಾನೂನಿದೆ. ಗುಡಿಂಗ್ ಈರುಳ್ಳಿ ಎಂಬ ನಿಜವಾದ ಕಾಡು ಜಾತಿ ಆ ಕಾನೂನಿನ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಗುರುತು ಹಿಡಿಯುವುದರಲ್ಲಿ ತಪ್ಪಿ ಮೂಲ ಕಾಡು ಈರುಳ್ಳಿ ಕಿತ್ತರೆ ಅದಕ್ಕೆ ಆಗುವ ನಷ್ಟ ದೊಡ್ಡದು.

ಯಜಮಾನರ ಭಯಕ್ಕೂ ಆಧಾರವಿದೆ. ಪಶ್ಚಿಮ ಅಮೆರಿಕದಲ್ಲಿ ಡೆತ್ ಕಾಮಸ್ ಎಂಬ ಗೆಡ್ಡೆಯ ಗಿಡವಿದೆ, ಹೂವಿಲ್ಲದಾಗ ಈರುಳ್ಳಿಯೆಂದೇ ಕಾಣುತ್ತದೆ. ಅದರ ವಿಷ ವಾಂತಿ ತರಿಸಿ, ಎದೆಬಡಿತ ನಿಧಾನಿಸಿ ಜೀವಕ್ಕೇ ಎರವಾಗಬಹುದು. ಎಲೆ ಹೊಸಕಿದಾಗ ಅದಕ್ಕೆ ಈರುಳ್ಳಿಯ ವಾಸನೆ ಇರುವುದಿಲ್ಲ. ಆದರೆ ನಾಲ್ಕು ಈರುಳ್ಳಿ ಕಿತ್ತ ಕೈಗೆ ಐದನೆಯದೂ ಈರುಳ್ಳಿಯಂತೆಯೇ ನಾರುತ್ತದೆ, ಜನ ಮೋಸಹೋಗುವುದು ಅಲ್ಲೇ. ಕಾಡಿನಲ್ಲಿ ಕಿತ್ತದ್ದನ್ನು ಬಾಯಿಗೆ ಹಾಕಬೇಡಿ ಎನ್ನುವುದು ನನ್ನ ಖಡಾಖಂಡಿತ ಸಲಹೆ. ಗೊತ್ತಿರುವ ತೋಟದಿಂದ ಬಂದ ನಿಮ್ಮ ಗೆಡ್ಡೆಗೆ ಈ ಭಯ ಅನ್ವಯಿಸುವುದಿಲ್ಲ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಮಾತ್ರ ದೂರವಿಡಿ. ಎಲ್ಲ ಬಗೆಯ ಈರುಳ್ಳಿಯೂ ಅವುಗಳ ರಕ್ತಕ್ಕೆ ವಿಷ.

ದೇವರ ಹೆಸರಿನದನ್ನು ತಿನ್ನಬಹುದೇ? ಧಾರಾಳವಾಗಿ. ಇದು ಊಟದ ಬೆಳೆಯಾಗಿಯೇ ಉಳಿದು ಬಂದದ್ದು. 1983ರಲ್ಲಿ ಟೂಸಾನ್‌ನಲ್ಲಿ ಹುಟ್ಟಿದ ನೇಟಿವ್ ಸೀಡ್ಸ್ ಸರ್ಚ್ ಎಂಬ ಬೀಜ ಸಂಸ್ಥೆ ಈ ಗೆಡ್ಡೆಯನ್ನು ಬೆಳೆಸಿ ಹಂಚುತ್ತ ಬಂದಿದೆ, ಮಾರಾಟವನ್ನೂ ಮಾಡುತ್ತದೆ. ಗೆಡ್ಡೆ ಬೇಕಾದವರು ಕೇಳಬೇಕಾದ್ದು ಅಲ್ಲಿ. ಅಳಿವಿನಂಚಿನ ಆಹಾರಗಳನ್ನು ಪಟ್ಟಿಮಾಡುವ ಸ್ಲೋ ಫುಡ್ ಸಂಸ್ಥೆಯ ‘ರುಚಿಯ ನಾವೆ’ಯಲ್ಲೂ ಇದರ ಹೆಸರಿದೆ. ಆ ಪಟ್ಟಿಗೆ ಸೇರಿಸುವುದೇ ಜನ ಬೆಳೆದು ತಿನ್ನಲಿ ಎಂದು. ನಿಮ್ಮ ಅಳುಕು ಗೌರವದ್ದೇ. ಯಾರಿಗಾದರೂ ಗೆಡ್ಡೆ ಕೊಡುವಾಗ ಇದು ಓಓಧಮ್ ಜನ ಕಾಪಾಡಿದ ಬೆಳೆ ಎಂದು ಹೇಳಿ ಕೊಟ್ಟರೆ ಆ ಗೌರವ ಸಲ್ಲುತ್ತದೆ. ಚಳಿಗಾಲದಲ್ಲಿ ತಾಳನ್ನು ಕತ್ತರಿಸಿ ಬಳಸಿ, ಮತ್ತೆ ಚಿಗುರುತ್ತದೆ, ಆದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಗೆಡ್ಡೆ ಖಾರ, ಘಾಟು ಚೆನ್ನ. ಸುಲಿಯುವುದು ತುಸು ಬೇಸರದ ಕೆಲಸ, ಸಾಂಬಾರ್ ಈರುಳ್ಳಿ ಸುಲಿದು ಗೊತ್ತಿದ್ದವರಿಗೆ ಹೊಸದೇನಲ್ಲ.

ಹಬ್ಬುವ ಭಯ ಬಿಡಿ. ಜೇಕು ನೆಲದೊಳಗೆ ಬಳ್ಳಿ ಹರಿಸಿ ಓಡುತ್ತದೆ. ಈಇಟೊಯ್ ಇದ್ದಲ್ಲೇ ಗುಂಪಾಗುತ್ತದೆ. ಹೂ ಬಿಡುವುದೇ ಅಪರೂಪ, ಬೀಜ ಕಟ್ಟುವುದು ಅದಕ್ಕಿಂತ ಅಪರೂಪ. ಹಾಗಾಗಿ ಗಾಳಿಗೆ, ಹಕ್ಕಿಗೆ ಹರಡುವ ಮಾತೇ ಇಲ್ಲ. ನಿಮ್ಮ ಗಿಡದಲ್ಲಿ ದಪ್ಪ ಕಾಂಡ ಎದ್ದು ಅದರ ತುದಿಯಲ್ಲಿ ಪುಟ್ಟ ಗೆಡ್ಡೆಗಳ ಗೊಂಚಲು ಮೂಡಿದರೆ, ಅದು ಈಇಟೊಯ್ ಅಲ್ಲ, ‘ನಡೆಯುವ ಈರುಳ್ಳಿ’ ಎನ್ನುವ ಬೇರೆಯೇ ಮಿಶ್ರತಳಿ. ಒಂದರ ಹೆಸರಲ್ಲಿ ಇನ್ನೊಂದು ಕೈಬದಲಾಗುವುದುಂಟು. ಈಇಟೊಯ್ ತಾಳು ತೆಳ್ಳಗೆ, ದುಂಡಗೆ, ಒಳಗೆ ಟೊಳ್ಳು. ಎಲೆ ಚಪ್ಪಟೆಯಾಗಿದ್ದರೆ ಅದೂ ಬೇರೆಯೇ.

ಬೀಜವಿಲ್ಲ ಎನ್ನುವಲ್ಲೇ ಇದರ ಅಪರೂಪತನದ ಗುಟ್ಟಿದೆ. ಗೆಡ್ಡೆಯಿಂದ ಗೆಡ್ಡೆ ಬಂದದ್ದರಿಂದ ತಾಯಿಗೂ ಮಗುವಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ, ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಲ್ಲದು. ಬೀಜದ ಮೂಲಕ ಹಾಯ್ದಾಗ ಹೆಚ್ಚಿನ ವೈರಸ್‌ಗಳು ಕಳೆದುಹೋಗುತ್ತವೆ, ಗೆಡ್ಡೆಯಲ್ಲಿ ಅವು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತವೆ. ತಾಳಿನ ಮೇಲೆ ಹಳದಿ ಗೀರು, ಸುಕ್ಕು, ಕುಳ್ಳ ಬೆಳವಣಿಗೆ ಕಂಡ ಬುಡವನ್ನು ಮುಲಾಜಿಲ್ಲದೆ ಕಿತ್ತುಹಾಕಿ. ಅಂಗಡಿಯಲ್ಲಿ ಮೊಳೆತ ಈರುಳ್ಳಿ, ಬೆಳ್ಳುಳ್ಳಿಯನ್ನು ಇದರ ಪಕ್ಕ ನೆಡಬೇಡಿ. ಬಿಡಿಸದೆ ಹಲವು ವರ್ಷ ಬಿಟ್ಟ ಪೊದೆ ಒಳಗೇ ಇಕ್ಕಟ್ಟಾಗಿ ಸೊರಗುತ್ತದೆ. ಹೀಗಾಗಿ ‘ಅಪರೂಪ, ಮುಟ್ಟಬೇಡಿ’ ಎನ್ನುವುದು ಈ ಗಿಡದ ವಿಷಯದಲ್ಲಿ ಕೆಟ್ಟ ಸಲಹೆ. ಅಗೆಯಬೇಕು, ಬಿಡಿಸಬೇಕು, ಒಂದು ಪಾಲು ತಿಂದು, ಒಂದು ಪಾಲು ನೆಟ್ಟು, ಒಂದು ಪಾಲನ್ನು ಬೇರೆ ಹಿತ್ತಲಿಗೆ ಕೊಡಬೇಕು. ನಿಮ್ಮ ಮಡಿ ಕೊಳೆತ ವರ್ಷ ಬೇರೆ ಯಾರದೋ ಮಡಿಯಲ್ಲಿ ಅದೇ ಗೆಡ್ಡೆ ಇರುತ್ತದೆ. ಇಷ್ಟು ಕಾಲ ಇದು ಉಳಿದದ್ದೇ ಹಾಗೆ. ಬೇರೆ ರಾಜ್ಯದ ಸ್ನೇಹಿತರಿಗೆ ಅಂಚೆಯಲ್ಲಿ ಕಳಿಸುವ ಮುನ್ನ ಅಲ್ಲಿನ ಕೃಷಿ ಇಲಾಖೆಯ ನಿಯಮ ನೋಡಿ. ಬಿಳಿ ಕೊಳೆಯ ಭಯದಿಂದ ಐಡಹೊದಂಥ ರಾಜ್ಯಗಳು ನೆಡುವ ಈರುಳ್ಳಿ, ಬೆಳ್ಳುಳ್ಳಿ ಗೆಡ್ಡೆಯ ಮೇಲೆ ನಿರ್ಬಂಧ ಹಾಕಿವೆ.

ಅತ್ತೆಯವರಿಗೆ ಮಾತ್ರ ಇಲ್ಲ ಎನ್ನಬೇಕಾಗಿದೆ. ಭಾರತದ 2003ರ ಸಸ್ಯ ಸಂಗರೋಧ ಆದೇಶದಂತೆ, ನೆಡುವ ಗೆಡ್ಡೆ ತರಲು ಮೊದಲೇ ಪಡೆದ ಆಮದು ಪರವಾನಗಿಯೂ ಅಮೆರಿಕದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ನಾಲ್ಕೇ ಗೆಡ್ಡೆ ಎಂದು ಸೀರೆಯ ಮಡಿಕೆಯಲ್ಲಿಟ್ಟು ಒಯ್ಯುವಂತಿಲ್ಲ. ಹೊರಗೆ ಆರೋಗ್ಯವಾಗಿ ಕಾಣುವ ಗೆಡ್ಡೆಯೊಳಗೂ ಬುಡ ಕೊಳೆಯ ಶಿಲೀಂಧ್ರ, ವೈರಸ್ ಇರಬಹುದು, ಅದರಲ್ಲೂ ಕೊಳೆ ಕಂಡ ಮಡಿಯಿಂದ ಬಂದದ್ದರಲ್ಲಿ. ಈರುಳ್ಳಿಯನ್ನೇ ನಂಬಿ ಬದುಕುವ ರೈತರ ನೆಲಕ್ಕೆ ಅದನ್ನು ತಿಳಿದೂ ತಿಳಿದೂ ಒಯ್ಯುವುದು ಬೇಡ.